ಮುಖ ಹೊಂದಿತು, ಮೇಡಂ

ಬಿಟ್‌ಕಾಯಿನ್ ಖಾತೆ ಬೆಳಿಗ್ಗೆಯಿಂದ ತೆರೆಯುತ್ತಲೇ ಇರಲಿಲ್ಲ. ಬಸಲಿಂಗ ಪಾಸ್‌ವರ್ಡ್ ಬದಲಿಸಿದ, ಫೋನನ್ನು ಆರಿಸಿ ಹಚ್ಚಿದ, ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡ. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಬೆಲೆ ಏರಿದೆ, ಎಲ್ಲ ಮಾರಿ ಕಾರು ಕೊಡಿಸುತ್ತೇನೆಂದು ಹಿಂದಿನ ದಿನವಷ್ಟೇ ತಮ್ಮನಿಗೆ ಮಾತು ಕೊಟ್ಟುಬಿಟ್ಟಿದ್ದ. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

"ಖಾತೆ ನಿಮ್ಮ ಹೆಂಡತಿಯ ಹೆಸರಿನಲ್ಲಿದೆ ಸರ್. ಅವರೇ ಕ್ಯಾಮೆರಾ ಮುಂದೆ ಬರಬೇಕು," ಎಂದಳು ಆ ಕಡೆಯ ಹುಡುಗಿ.

ನೀಲವ್ವನಿಗೆ ತವರಿನವರು ಕೊಟ್ಟ ಸೈಟನ್ನು ಮಾರಿ ತೊಡಗಿಸಿದ ದುಡ್ಡು ಅದು. ಹೆಸರು ಅವಳದು, ಕಾರುಬಾರೆಲ್ಲ ಅವನದು. ರೊಟ್ಟಿ ಬಡಿಯುತ್ತಿದ್ದವಳನ್ನು ಕರೆದು ಫೋನಿನ ಮುಂದೆ ಕೂರಿಸಿದ.

"ಸೈಟ್ ಮಾರೂ ಮುಂದ ನನ್ನ ಸೈನ್ ಒಂದ ಸಾಕಾಗಿತ್ತು. ಈಗ ನನ್ನ ಮಾರಿ ತೋರಸೂದೂ ಬೇಕಾತೇನು?" ಎಂದಳು ಅವಳು.

"ವಾದ ಮಾಡಬ್ಯಾಡ. ಅಕಿ ಹೇಳಿದಂಗ ಮಾಡು, ಸಾಕು."

"ಕಣ್ಣು ಮಿಟುಕಿಸಿ, ಮೇಡಂ."

ನೀಲವ್ವ ಮಿಟುಕಿಸಿದಳು.

"ಈಗ ಸ್ವಲ್ಪ ನಗಿ."

ಅವಳು ನಕ್ಕಳು. ಮನೆಯಲ್ಲಿ ಅವಳು ಹಾಗೆ ಬಾಯಿತುಂಬ ನಕ್ಕಿದ್ದನ್ನು ಬಸಲಿಂಗ ಎಂದೂ ಕಂಡಿರಲಿಲ್ಲ. ಕೆಲಸ ಕೈಗೂಡಿತೆಂದು ಅವನಿಗೆ ಹೋದ ಜೀವ ಬಂದಂತಾಯಿತು.

"ಮುಖ ಹೊಂದಿತು, ಮೇಡಂ. ಬೆಳಿಗ್ಗೆ ನೀವೇ ಫೋನ್ ಮಾಡಿ ಈ ಖಾತೆಯನ್ನು ಬಂದ್ ಮಾಡಿಸಿದ್ದಿರಿ. ಈಗ ತೆರೆಯಲೇ?"

"ಬ್ಯಾಡ್ರಿ," ಎಂದಳು ನೀಲವ್ವ.