ಮುಂದೋಡುವ ಗಡಿಯಾರ

ಕಂಪ್ಯೂಟರ್ ಪರದೆಯಲ್ಲಿ ಹಳೆಯ ಎಣಿಕೆ ಸಾಧನವನ್ನು ಅಳಿಸುವ ಗುಂಡಿಯ ಮೇಲೆ ಮಗಳ ಬೆರಳು ತಡೆದು ನಿಂತಿತು. ಗಡಿಯಾರ ರಿಪೇರಿ ಅಂಗಡಿಯ ವೆಬ್‌ಸೈಟಿಗೆ ಈ ತಿಂಗಳು ನಾನೂರ ಹನ್ನೆರಡು ಭೇಟಿಗಳೆಂದು ಅದು ತೋರಿಸುತ್ತಿತ್ತು; ಆ ಸಂಖ್ಯೆಯನ್ನು ನಂಬಿಯೇ ಅಪ್ಪ ಅಂಗಡಿ ಮುಚ್ಚುವ ಮಾತನ್ನು ಕೈಬಿಟ್ಟಿದ್ದರು. ಅವಳು ಹುಡುಕಿ ತಂದ ಹೊಸ ಸಾಧನ ಮನೆಯವರ ಭೇಟಿಗಳನ್ನು ಬಿಟ್ಟು ಎಣಿಸುತ್ತಿತ್ತು. ಅದು ತೋರಿಸಿದ್ದು ಮೂರು.

“ಉಳಿದೋರೆಲ್ಲ ಎಲ್ಲಿ ಹೋದ್ರು?”

“ಉಳಿದೋರೆಲ್ಲ ನೀವೇ ಅಪ್ಪಾ. ಯಾರಾದ್ರೂ ಬಂದ್ರಾ ಅಂತ ಗಳಿಗೆಗೊಂದ್ಸಲ ವೆಬ್‌ಸೈಟ್ ತೆಗೆದು ನೋಡ್ತೀರಲ್ಲ! ಬೇಕಾದ್ರೆ ಹಳೇದೇ ಇರ್ಲಿ ಬಿಡಿ.”

ಅಪ್ಪ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆದು ಮೇಜಿನ ಮೇಲಿಟ್ಟರು. “ಮುಂದೋಡೋ ಗಡಿಯಾರಾನ ಯಾವತ್ತಾದ್ರೂ ಗಿರಾಕಿ ಕೈಗೆ ಕೊಟ್ಟಿದ್ದೀನೇನೇ?” ಎನ್ನುತ್ತ ಅವಳ ಬೆರಳಿನ ಮೇಲೆ ತಮ್ಮ ಬೆರಳಿಟ್ಟು ಒತ್ತಿದರು. ನಾನೂರ ಹನ್ನೆರಡು ಅಳಿಸಿಹೋಯಿತು.

“ಈಗ ಹೇಳು, ಆ ಮೂರು ಜನ ಏನು ಹುಡುಕ್ಕೊಂಡು ಬಂದಿದ್ರು?”