ಚರಂಡಿಯ ಎಡಗೋಡೆ

ಟೈಲರ್ ಅಂಗಡಿಯಾಕೆ ನೋಟಿಸನ್ನು ಎಂಜಿನಿಯರಮ್ಮನ ಮೇಜಿನ ಮೇಲೆ ಹರಡಿ, ಅದರಲ್ಲಿ ಅಚ್ಚಾಗಿದ್ದ ಚರಂಡಿಯ ಚಿತ್ರದ ಎಡಗೋಡೆಯ ಮೇಲೆ ಬೆರಳಿಟ್ಟಳು. "ಮೇಡಂ, ಇದು ನಮ್ಮ ಗೋಡೆಯಂತೆ. ಇದಕ್ಕೆ ಹೊಟ್ಟೆ ಯಾವಾಗ ಬಂತು?"

ಎಂಜಿನಿಯರಮ್ಮ ಓದಿದಳು. ಚರಂಡಿಯನ್ನು ಎರಡಡಿ ಒತ್ತಿಕೊಂಡು ಕಟ್ಟಿರುವ ಗೋಡೆಯನ್ನು ಶನಿವಾರದೊಳಗೆ ಕೆಡವಬೇಕು, ತಪ್ಪಿದರೆ ಕಚೇರಿಯವರೇ ಬಂದು ಕೆಡವುತ್ತಾರೆ. ಅದು ಆಕೆಯ ಹೊಲಿಗೆ ಕೋಣೆಯ ಹಿಂಗೋಡೆ. ಅದು ಹೋದರೆ ಮೇಲೆ ಸೂರೂ ಇಲ್ಲ, ಕೆಳಗೆ ಮೆಷಿನ್ನೂ ಇಲ್ಲ.

ಎಂಜಿನಿಯರಮ್ಮನಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಪ್ಪಡಿ ಎತ್ತಿಸಿ, ಮೂಗು ಮುಚ್ಚಿಕೊಂಡು ಆ ಚರಂಡಿಗೆ ಇಳಿದು ಅಳತೆ ತೆಗೆದವಳು ತಾನೇ. ಎಡಗೋಡೆ ತೂಗುಗುಂಡು ಹಿಡಿದು ಕಟ್ಟಿದಂತೆ ನೆಟ್ಟಗಿತ್ತು. ಎದುರು ದಡದ ಗ್ಯಾರೇಜಿನವನು ತನ್ನ ಶೆಡ್ಡಿನ ತಳಪಾಯವನ್ನು ಅನಾಮತ್ತಾಗಿ ನಾಲ್ಕಡಿ ಚರಂಡಿಯೊಳಕ್ಕೆ ತಂದು ಕೂರಿಸಿದ್ದ. ಮಳೆ ಬಂದಾಗಲೆಲ್ಲ ಬೀದಿ ತುಂಬುತ್ತಿದ್ದುದು ಅದರಿಂದಲೇ.

ಆದರೆ ಮಳೆನೀರಿನ ಲೆಕ್ಕ ಹಾಕುವ ಆ ಹಾಳು ಸಾಫ್ಟ್‌ವೇರಿಗೆ ಗೊತ್ತಿದ್ದುದು ದುಂಡು, ಚೌಕ, ಮೊಟ್ಟೆಯಂಥ ಸಭ್ಯ ಚರಂಡಿಗಳು ಮಾತ್ರ. ಸೊಟ್ಟ ಚರಂಡಿಗೆ ನಾವೇ ಆಕಾರ ಹೇಳಿಕೊಡಬೇಕು. ಅದು ಕೇಳುವುದೂ ಒಂದೇ ಪ್ರಶ್ನೆ: ತಳದಿಂದ ಇಷ್ಟು ಎತ್ತರದಲ್ಲಿ ಅಗಲ ಎಷ್ಟು? ಯಾವ ಕಡೆಯಿಂದ ಕಡಿಮೆಯಾಗಿದೆ ಎಂದು ಹೇಳಲು ಜಾಗವೇ ಇಲ್ಲ. ನಾಲ್ಕಡಿ ಕಡಿಮೆ ಎಂದರೆ, ಆ ಕಡೆ ಎರಡು, ಈ ಕಡೆ ಎರಡು ಎಂದು ತಾನೇ ಹಂಚಿ, ನಡು ಸಣ್ಣಗಾದ ಅಂದದ ಚಿತ್ರವೊಂದನ್ನು ಬಿಡಿಸಿಟ್ಟಿತ್ತು. ಆ ಚಿತ್ರ ನೋಡಿಕೊಂಡು ಸಾಹೇಬರು ಎರಡೂ ದಡಕ್ಕೆ ನೋಟಿಸು ಕಳಿಸಿದ್ದರು. ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಅವಳು ಟೈಲರಮ್ಮನನ್ನು ಕರೆದುಕೊಂಡು ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದಳು.

"ಚಿತ್ರ ನೀವೇ ಕೊಟ್ಟಿದ್ದು ತಾನೇ?" ಎಂದರು ಸಾಹೇಬರು.

"ನಾನೇ ಸಾರ್. ಲೆಕ್ಕ ಸರಿಯಾಗೇ ಇದೆ. ನೀರಿಗೆ ಅಗಲ ಎಷ್ಟು ಅನ್ನೋದಷ್ಟೇ ಬೇಕು, ಗೋಡೆ ಯಾರದಾದ್ರೇನು. ಚಿತ್ರ ನೋಡಿ ಗೋಡೆ ಒಡೆಯೋ ಹಾಗಿಲ್ಲ."

"ಲೆಕ್ಕ ಸರಿ, ಚಿತ್ರ ತಪ್ಪು ಅಂದ್ರೆ ಹೇಗಮ್ಮಾ? ಎರಡೂ ಒಂದೇ ಕಂಪ್ಯೂಟರಿಂದ ಬಂದಿರೋದು."

ಅವಳು ಅಲ್ಲೇ ಇದ್ದ ಹಾಳೆಯ ಮೇಲೆ ಚರಂಡಿ ಇರುವ ಹಾಗೆಯೇ ಬರೆದು ತೋರಿಸಿದಳು. ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು. "ಇದೇನು, ಸೊಟ್ಟಗಿದೆಯಲ್ಲ?"

"ಚರಂಡಿನೇ ಸೊಟ್ಟಗಿದೆ ಸಾರ್."

"ಕೈಯಲ್ಲಿ ಗೀಚಿದ್ದನ್ನ ಮೇಲಿನವರಿಗೆ ಹೇಗೆ ಕಳಿಸ್ಲಿ? ಇದನ್ನೇ ಕಂಪ್ಯೂಟರ್‌ನಲ್ಲಿ ಮಾಡ್ಕೊಂಡು ಬನ್ನಿ."

"ಜಪ್ಪಯ್ಯ ಅಂದ್ರೂ ಅದರಲ್ಲಿ ಬರಲ್ಲ ಸಾರ್."

"ಅಷ್ಟು ದೊಡ್ಡ ಸಾಫ್ಟ್‌ವೇರಲ್ಲೇ ಬರದೇ ಇರೋ ಚರಂಡಿ ನಮ್ಮೂರಲ್ಲಿ ಇರುತ್ತಾ?"

ಅವಳ ಮೈಯೆಲ್ಲ ಉರಿಯಿತು. ಸಾಫ್ಟ್‌ವೇರನ್ನು ಬೈಯಬೇಕೋ, ಸಾಹೇಬರನ್ನೋ, ಚಿತ್ರದ ಕೆಳಗೆ ಒಂದು ಸಾಲು ಬರೆಯದೆ ಕೊಟ್ಟ ತನ್ನನ್ನೋ ತಿಳಿಯಲಿಲ್ಲ.

"ಸಾರ್," ಎಂದಳು ಟೈಲರಮ್ಮ, "ನನ್ನ ಗೋಡೆ ಎರಡಡಿ ಹಿಂದಕ್ಕೆ ಹೋದ್ರೆ ಚರಂಡಿ ಬಂದು ನನ್ನ ಮೆಷಿನ್ ಕೆಳಗೆ ಹರಿಯುತ್ತೆ. ಒಂದ್ಸಲ ಬನ್ನಿ, ಚಪ್ಪಡಿ ಎತ್ತಿಸಿ ನೋಡಿ. ಇಲ್ಲೇ ಹಿಂದಿನ ಬೀದಿ."

"ಬಂದು ನೋಡೋ ಹಾಗಿದ್ರೆ ಇದೆಲ್ಲ ಯಾಕೆ ಬೇಕಿತ್ತಮ್ಮಾ?" ಸಾಹೇಬರು ವರದಿಯ ದಪ್ಪ ಪುಸ್ತಕದ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಬಾಗಿಲಲ್ಲಿ ಗ್ಯಾರೇಜಿನವನು ಕಾಣಿಸಿಕೊಂಡ. ಅವನ ಕೈಯಲ್ಲೂ ಅದೇ ನೋಟಿಸು. ಎಂಜಿನಿಯರಮ್ಮನಿಗೆ ಹೋದ ಜೀವ ಬಂದಂತಾಯಿತು. ಇವನು ಸುಮ್ಮನಿರುವ ಆಸಾಮಿಯಲ್ಲ. ಜಗಳ ತೆಗೆಯುತ್ತಾನೆ, ಅಳತೆ ತಪ್ಪು ಅನ್ನುತ್ತಾನೆ, ಆಗ ಸಾಹೇಬರು ಬೇಡವೆಂದರೂ ಚಪ್ಪಡಿ ಎತ್ತಿಸಲೇಬೇಕು. ಬೈಯಪ್ಪಾ, ಬಾಯ್ತುಂಬ ಬೈ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಗ್ಯಾರೇಜಿನವನು ನೋಟಿಸನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡ. "ನಂದೇನೂ ತಕರಾರಿಲ್ಲ ಸಾರ್. ಎರಡಡಿ ತಾನೇ, ನಾಳೆನೇ ಒಡೆಸಿಬಿಡ್ತೀನಿ. ಬೀದಿಗೆ ಒಳ್ಳೇದಾಗೋದಾದ್ರೆ ಇಬ್ರೂ ಅರ್ಧರ್ಧ ಬಿಟ್ಕೊಡೋಣ, ಏನಂತೆ?"

ಸಾಹೇಬರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು ತಾವೇ ಅವನಿಗೆ ಕುರ್ಚಿ ಎಳೆದು ಕೊಟ್ಟರು. ಆಮೇಲೆ, ಇನ್ನೂ ನಿಂತೇ ಇದ್ದ ಟೈಲರಮ್ಮನ ಕಡೆ ತಿರುಗಿ ಹೇಳಿದರು:

"ಇವರನ್ನ ನೋಡಿಯಾದ್ರೂ ಸ್ವಲ್ಪ ಕಲೀರಮ್ಮಾ."