ಗೇಟಿನ ಕಡೆ ಬೇಡ

“ಗೇಟಿನ ಕಡೆ ಬೇಡ ಅಂದ್ನಲ್ಲ!”

ಗಂಡ ಕೂಗಿದ ಜೋರಿಗೆ ಏಣಿಯ ಮೇಲಿದ್ದ ಕ್ಯಾಮೆರಾದವನು ಕೆಳಗೆ ಬೀಳುವುದೊಂದು ಬಾಕಿ. ಹೆಂಡತಿ ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿದಳು. “ನೀನು ಹಾಕಪ್ಪ. ಗೇಟಿಗೇ ಹಾಕು.”

“ರಸ್ತೆ ಕಡೆ ತಿರುಗಿಸು. ನಮ್ಮ ಅಂಗಳ ನಾವೇ ಏನು ನೋಡ್ಕೊಂಡು ಕೂರೋದು?”

“ಅನಾಹುತ ಆಗ್ತಿರೋದು ಗೇಟಲ್ಲಿ ರೀ, ರಸ್ತೇಲಲ್ಲ.”

ಕ್ಯಾಮೆರಾದವನಿಗೆ ಇದೇನೂ ಹೊಸದಲ್ಲ. ಯಾವ ಮನೆಗೆ ಹೋದರೂ ಕಳ್ಳ ಬರುವ ಮೊದಲೇ ಮನೆಯವರು ಕಿತ್ತಾಡುತ್ತಿರುತ್ತಾರೆ. ಕೊನೆಗೆ ಗೆಲ್ಲುವವರು ಯಾರೆಂದೂ ಅವನಿಗೆ ಗೊತ್ತು. ಸುಮ್ಮನೆ ಗೇಟಿನ ಕಡೆಗೇ ಗುರುತು ಹಾಕಿಕೊಂಡ.

ಗೆದ್ದರೂ ಅವಳ ಎದೆ ಹಗುರಾಗಲಿಲ್ಲ. ಅವಳು ನೆಟ್ಟಗೆ ಕಣ್ಣು ಮುಚ್ಚಿ ತಿಂಗಳಾಗಿತ್ತು. ಮೊದಲು ಗೇಟಿನ ಪಕ್ಕದ ಹೂಕುಂಡಗಳು ಪುಡಿಯಾದವು. ಆಮೇಲೆ ಕಂಬದ ಮೂಲೆ ಕಿತ್ತು ಇಟ್ಟಿಗೆ ಹೊರಗೆ ಬಂತು. ಅಂಗಳದಲ್ಲಿ ನಿಲ್ಲಿಸಿದ್ದ ವ್ಯಾನಿನ ಪಕ್ಕದ ಕನ್ನಡಿ ಮುರಿದು ನೇತಾಡುತ್ತಿತ್ತು. “ಯಾರೋ ಪುಂಡರು, ಬಿಡು” ಎಂದು ಗಂಡ ತೇಲಿಸಿಬಿಟ್ಟ. ಹೋದ ವಾರ, ಅವಳು ದಿನವೂ ಹಾಲು ಹಾಕುತ್ತಿದ್ದ ನಾಯಿಮರಿ ಗೇಟಿನ ಒಳಗೇ ಬಾಯಲ್ಲಿ ರಕ್ತ ಕಾರಿ ಸತ್ತುಬಿದ್ದಿತ್ತು. ಇದು ಪುಂಡಾಟವಲ್ಲ. ಯಾರೋ ಎಚ್ಚರಿಕೆ ಕೊಡುತ್ತಿದ್ದಾರೆ.

ಯಾರೆಂದೂ ಅವಳು ತೀರ್ಮಾನಿಸಿಯಾಗಿತ್ತು. ಗಂಡ ಶಾಲೆಯ ವ್ಯಾನು ಓಡಿಸುತ್ತಾನೆ. ಅವನಿಗಿಂತ ಮೊದಲು ಅದನ್ನು ಓಡಿಸುತ್ತಿದ್ದವನು ಕುಡಿದು ಬಂದು ಕೆಲಸ ಕಳೆದುಕೊಂಡಿದ್ದ. “ನನ್ನ ಅನ್ನ ಕಿತ್ಕೊಂಡೋನು ಅದೆಷ್ಟು ದಿನ ಗಾಡಿ ಓಡಿಸ್ತಾನೋ ನೋಡ್ತೀನಿ” ಎಂದು ಅಂಗಡಿಯ ಮುಂದೆ ನಿಂತು ಕೂಗಾಡಿದ್ದನಂತೆ. ಅವನು ಒಂದು ದಿನ ಗೇಟು ದಾಟಿ ಬಂದು ಬ್ರೇಕಿಗೆ ಕೈ ಹಾಕಿದರೆ? ವ್ಯಾನಿನ ತುಂಬ ಮಕ್ಕಳು.

ಗಂಡನಿಗೂ ಹೆದರಿಕೆ ಹಿಡಿದಿದೆ, ಹೇಳುತ್ತಿಲ್ಲ, ಅಷ್ಟೆ. ಬೆಳಿಗ್ಗೆ ಬಂದ ಪೇಪರಿನ ಮಡಿಕೆ ಬಿಚ್ಚುವುದಿಲ್ಲ. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಮೇಜಿನ ಮೇಲೆ. ಏನಾಯಿತು ಎಂದರೆ ಮುಖ ತಿರುಗಿಸುತ್ತಾನೆ. ಮೊನ್ನೆ ಮಾತ್ರ, ಕೇಳದೆಯೇ, “ಈ ಕೆಲಸ ಹೋದ್ರೆ ನಾನು ಯಾವ ಉಪಯೋಗಕ್ಕೂ ಇಲ್ಲ ಕಣೇ” ಎಂದಿದ್ದ. ಅವಳು ಅವತ್ತೇ ಕ್ಯಾಮೆರಾದವನಿಗೆ ಫೋನು ಮಾಡಿದಳು.

ಕ್ಯಾಮೆರಾದವನು ಗೇಟಿನ ಕಂಬಕ್ಕೆ ಕ್ಯಾಮೆರಾ ಬಿಗಿದು, ಏಣಿ ಇಳಿದು, ಗೇಟು ಹಾರುಹೊಡೆದು, ತನ್ನ ಫೋನನ್ನು ಮೆಟ್ಟಿಲ ಮೇಲೆ ಕೂತಿದ್ದ ಗಂಡನ ಕೈಗೆ ಕೊಟ್ಟ. “ಸಾರ್, ನಾನು ಸುತ್ತಾಡ್ತೀನಿ. ಇದರಲ್ಲಿ ಎಲ್ಲಿ ಕಾಣ್ತೀನಿ, ಎಲ್ಲಿ ಕಾಣಲ್ಲ, ಹೇಳ್ತಾ ಹೋಗಿ. ಕಾಣದ ಜಾಗ ಇದ್ರೆ ಕ್ಯಾಮೆರಾ ತಿರುಗಿಸ್ತೀನಿ.”

ಕಂಬದ ಹತ್ತಿರ ಹೋಗಿ ನಿಂತ. “ಕಾಣ್ತಿದೀನಾ?”

“ಹ್ಞೂಂ, ಕಾಣ್ತಿದೀಯ.”

ಗೇಟಿನ ಆಚೆ ಹೋದ. “ಈಗ?”

“ಮುಖ ಸಮೇತ!”

ವ್ಯಾನು ಗೇಟಿಗೆ ಮೂತಿ ಮಾಡಿಕೊಂಡು ನಿಂತಿತ್ತು. ಅದರ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಅಲ್ಲಿ ಆನೆ ಕೂತರೂ ಕ್ಯಾಮೆರಾಕ್ಕೆ ಸಿಗದು. “ಈಗ?”

“ಚೆನ್ನಾಗಿ ಕಾಣ್ತಿದೀಯ ಬಿಡಪ್ಪ. ಸಾಕು.”

ಕ್ಯಾಮೆರಾದವನು ಎದ್ದು ತಲೆ ಕೆರೆದುಕೊಂಡ. ಇಟ್ಟಿಗೆ ಪುಡಿ ಗುಡಿಸುತ್ತಿದ್ದ ಹೆಂಡತಿಯ ಪೊರಕೆ ಅಲ್ಲೇ ನಿಂತಿತು. ಗಂಡ ಸುಳ್ಳು ಹೇಳುತ್ತಿದ್ದಾನೆ. ಮರೆಯಾಗಿ ಬರಲು ಒಂದು ಜಾಗ ಬೇಕೆಂದೇ ಉಳಿಸುತ್ತಿದ್ದಾನೆ. ಯಾರಿಗಾಗಿ? ಇಷ್ಟು ದಿನ ಹೊರಗಿನವನಿಗೆ ಹೆದರಿದ್ದವಳಿಗೆ ಮೊದಲ ಸಲ, ಜೊತೆಯಲ್ಲಿ ಮಲಗುವವನನ್ನು ಕಂಡು ಹೆದರಿಕೆಯಾಯಿತು.

“ಶಾಲೆ ಬಿಡೋ ಹೊತ್ತಾಯ್ತು” ಎಂದು ಗಂಡ ಎದ್ದ. ಫೋನನ್ನು ಅವಳ ಕೈಗಿಟ್ಟ. ಅವಳು ಅದನ್ನು ನೋಡಲೂ ಇಲ್ಲ, ಅವನನ್ನೇ ನೋಡುತ್ತಿದ್ದಳು. ವ್ಯಾನಿನ ಮೈ ಸವರುತ್ತ ಹೋಗಿ ಬಾಗಿಲು ತೆಗೆದು ಹತ್ತಿಕೊಂಡ. ಅವನಿಗೆ ಆ ಗಾಡಿ ಎಂದರೆ ಪ್ರಾಣ.

ಕ್ಯಾಮೆರಾದವನು ಬಂದು ಅವಳ ಕೈಯಲ್ಲಿದ್ದ ಫೋನಿಗೆ ಬಗ್ಗಿ ನಾಲಿಗೆ ಕಚ್ಚಿಕೊಂಡ.

“ಅಯ್ಯೋ ಅಕ್ಕಾ, ತಪ್ಪಾಯ್ತು. ಇದು ಬೆಳಿಗ್ಗೆ ಕ್ಯಾಮೆರಾ ಹಾಕಿ ಬಂದೆನಲ್ಲ, ಆ ಮನೇದು. ನಿಮ್ಮದು ನಾನಿನ್ನೂ ತೆರೆದೇ ಇಲ್ಲ.”

ಫೋನಿನಲ್ಲಿ ಯಾರದೋ ಮಹಡಿ. ಮನುಷ್ಯರ ಸುಳಿವಿಲ್ಲ. ತಂತಿಯ ಮೇಲೆ ಒಣಹಾಕಿದ ಸೀರೆಯೊಂದು ಗಾಳಿಗೆ ಅತ್ತಿತ್ತ ಆಡುತ್ತಿತ್ತು. ಗಂಡ “ಮುಖ ಸಮೇತ” ಎಂದದ್ದು ಅದನ್ನು ನೋಡಿ. ಬಿಚ್ಚದ ಪೇಪರು, ಮೇಜಿನ ಮೇಲೆ ಚೆಲ್ಲಿದ ನೀರು, ಪುಡಿಯಾದ ಹೂಕುಂಡ, ನಾಯಿಮರಿ.

ಹಿಂದೆ ವ್ಯಾನು ಗುರ್ರೆಂದಿತು. ಅವಳು ಫೋನು ಬಿಸಾಡಿ, ಕೂಗುತ್ತ ಓಡಿ, ಗೇಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು. ಎಂಜಿನ್ನಿನ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಗಾಜಿನ ಹಿಂದೆ ಕೂತಿದ್ದ ಗಂಡ, ನೇರ ಅವಳ ಮುಖವನ್ನೇ ನೋಡುತ್ತ, ಗೇರು ಹಾಕಿದ.